ಕ್ರಿಸ್ಟಲ್ ವಯಲೆಟ್ ಕೈಗೆ ಬಂದಾಗ: ಪುಡಿ ತೂಗುವುದರಿಂದ ಸ್ಲೈಡು ನೋಡುವವರೆಗೆ

ಚಿಕ್ಕವರಿದ್ದಾಗ ಬಾಯಲ್ಲಿ ಹುಣ್ಣಾದರೆ ಆಸ್ಪತ್ರೆಯಲ್ಲಿ ಹತ್ತಿ ಅದ್ದಿ ಹಚ್ಚುತ್ತಿದ್ದ ನೇರಳೆ ಔಷಧಿ ನೆನಪಿದೆಯಾ? ನೇರಳೆ ಹಣ್ಣು ತಿಂದವರ ಹಾಗೆ ಎರಡು ದಿನ ನಾಲಿಗೆ ಚಾಚಿಕೊಂಡು ಓಡಾಡುತ್ತಿದ್ದೆವು. ಜೆನ್ಶನ್ ವಯಲೆಟ್ ಅಂತ ಅದರ ಹೆಸರು. ಕೆಲವರ ಬಾಯಲ್ಲಿ ಜಿವಿ ಪೇಂಟ್. ಅದರಲ್ಲಿರುವ ಮುಖ್ಯ ಬಣ್ಣವೇ ಲ್ಯಾಬಿನ ಕ್ರಿಸ್ಟಲ್ ವಯಲೆಟ್.

ಹೀಗೆ ಮೊದಲೇ ಪರಿಚಯ ಇರುವುದರಿಂದಲೇ ಒಂದು ತೊಂದರೆ. "ಬಾಯಿಗೇ ಹಚ್ಚುತ್ತಿದ್ದರು, ಇದರಿಂದ ಏನಾಗುತ್ತೆ ಬಿಡಿ" ಅನ್ನುವ ಸಲಿಗೆ ಬಂದುಬಿಡುತ್ತದೆ. ಬಾಯಿಗೆ ಹಚ್ಚುತ್ತಿದ್ದದ್ದು ಅರ್ಧ ಅಥವಾ ಒಂದು ಪರ್ಸೆಂಟಿನ ನೀರಿನ ದ್ರಾವಣ. ಲ್ಯಾಬಿನ ಕಪಾಟಿನಲ್ಲಿ ಇರುವುದು ಅಪ್ಪಟ ಪುಡಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಲ್ಯಾಬ್ ಟೆಕ್ನಿಶಿಯನ್ ಕೋರ್ಸಿಗೆ ಸೇರಿದವರು, ಮೈಕ್ರೋಬಯಾಲಜಿ ಓದುವವರು, ಶಾಲೆಯಲ್ಲಿ ಒಂದು ಮೈಕ್ರೋಸ್ಕೋಪ್ ಇಟ್ಟುಕೊಂಡು ಮಕ್ಕಳಿಗೆ ಏನಾದರೂ ತೋರಿಸಬೇಕು ಅಂದುಕೊಂಡಿರುವ ಮೇಷ್ಟ್ರು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಗ್ರಾಮ್ ಸ್ಟೇನ್, ಅಂದರೆ ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ಎರಡು ಗುಂಪಾಗಿ ಗುರುತಿಸುವ ವಿಧಾನ, ಈ ಬಣ್ಣದ ದೊಡ್ಡ ಕೆಲಸ. ಹಾಗಾಗಿ ಅದಕ್ಕೇ ಜಾಸ್ತಿ ಜಾಗ.

ಈ ಬಣ್ಣ ಮಾಡುವುದೇನು?

1884ರಲ್ಲಿ ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್‌ಗೆ ಬೇಕಾಗಿದ್ದದ್ದು ಸಣ್ಣ ವಿಷಯ. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತುಣುಕಿನಲ್ಲಿ ಬ್ಯಾಕ್ಟೀರಿಯಾ ಮಾತ್ರ ಎದ್ದು ಕಾಣಬೇಕು, ಸುತ್ತಲಿನ ಅಂಗಾಂಶ ಕಾಣಬಾರದು. ಜೆನ್ಶನ್ ವಯಲೆಟ್ ಹಾಕಿ, ಅಯೋಡಿನ್ ಹಾಕಿ, ಆಲ್ಕೋಹಾಲಿನಲ್ಲಿ ತೊಳೆದ. ಅಂಗಾಂಶದ ಬಣ್ಣ ಹೋಯಿತು, ಕೆಲವು ಬ್ಯಾಕ್ಟೀರಿಯಾಗಳಲ್ಲಿ ಉಳಿಯಿತು. ಇನ್ನು ಕೆಲವು ಬ್ಯಾಕ್ಟೀರಿಯಾ ಬಣ್ಣ ಕಳೆದುಕೊಂಡು ಕಾಣದೇ ಹೋದವು. ಅವನಿಗೆ ಅದು ವಿಧಾನದ ದೋಷದ ಹಾಗೆ ಕಂಡಿತು. ನನ್ನ ವಿಧಾನ ಇನ್ನೂ ಅರೆಬರೆ ಅಂತ ತಾನೇ ಬರೆದುಕೊಂಡ. ಆ 'ದೋಷ'ವೇ ಇವತ್ತು ಬ್ಯಾಕ್ಟೀರಿಯಾಗಳನ್ನು ಗ್ರಾಮ್ ಪಾಸಿಟಿವ್, ಗ್ರಾಮ್ ನೆಗೆಟಿವ್ ಅಂತ ಎರಡು ಪಾಲು ಮಾಡುತ್ತದೆ. ಕೊನೆಗೆ ಸಾಫ್ರನಿನ್ ಅನ್ನುವ ಕೆಂಪು ಬಣ್ಣ ಹಾಕಿ ಕಾಣದವನ್ನು ಗುಲಾಬಿ ಬಣ್ಣದಲ್ಲಿ ತೋರಿಸುವ ಪದ್ಧತಿ ಬೇರೆಯವರು ಆಮೇಲೆ ಸೇರಿಸಿದ್ದು.

ಒಳಗೆ ನಡೆಯುವುದು ಇಷ್ಟು. ಕ್ರಿಸ್ಟಲ್ ವಯಲೆಟ್ ನೀರಿನಲ್ಲಿ ಕರಗಿದಾಗ ಅದರ ಬಣ್ಣದ ಭಾಗಕ್ಕೆ ಧನ ವಿದ್ಯುದಂಶ ಇರುತ್ತದೆ. ಬ್ಯಾಕ್ಟೀರಿಯಾದಲ್ಲಿ ಋಣ ವಿದ್ಯುದಂಶ ಜಾಸ್ತಿ. ಹೋಗಿ ಅಂಟಿಕೊಳ್ಳುತ್ತದೆ, ಎಲ್ಲಾ ಜಾತಿಯಲ್ಲೂ. ಅಯೋಡಿನ್ ಬಂದು ಬಣ್ಣದ ಜೊತೆ ಸೇರಿ ದೊಡ್ಡ ಗಂಟು ಕಟ್ಟುತ್ತದೆ. ಆಮೇಲೆ ಆಲ್ಕೋಹಾಲು. ಗ್ರಾಮ್ ಪಾಸಿಟಿವ್‌ಗಳಿಗೆ ದಪ್ಪ ಕಂಬಳಿಯಂಥ ಗೋಡೆ ಇದೆ. ಆಲ್ಕೋಹಾಲು ತಾಗಿದಾಗ ಅದರ ನೀರು ಹೋಗಿ ಬಿಗಿಯಾಗುತ್ತದೆ, ಗಂಟು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಗ್ರಾಮ್ ನೆಗೆಟಿವ್‌ಗಳ ಗೋಡೆ ತೆಳು, ಅದರ ಮೇಲೊಂದು ಕೊಬ್ಬಿನ ಪದರ. ಆಲ್ಕೋಹಾಲು ಆ ಪದರವನ್ನು ಕರಗಿಸುತ್ತದೆ, ಬಣ್ಣ ಹೊರಗೆ ಹರಿದು ಹೋಗುತ್ತದೆ. ಬಿಗಿಯಾದ ಗೋಡೆಯೂ ಶಾಶ್ವತವಾಗಿ ಹಿಡಿದಿಡುವುದಿಲ್ಲ. ಸಾಕಷ್ಟು ಹೊತ್ತು ತೊಳೆದರೆ ಎಲ್ಲವೂ ಬಣ್ಣ ಬಿಡುತ್ತವೆ. ಇದೊಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಡಬ್ಬಿ ತೆರೆಯುವ ಮೊದಲು

ಪುಡಿ ನೋಡಿದರೆ ನೇರಳೆ ಅಂತ ಅನ್ನಿಸುವುದೇ ಇಲ್ಲ. ಕಡು ಹಸಿರು, ಜೀರುಂಡೆಯ ರೆಕ್ಕೆ ಹೊಳೆದ ಹಾಗೆ ಲೋಹದ ಮಿಂಚು. ನೀರು ತಾಗಿದ ಕ್ಷಣ ಬಣ್ಣ ಬಯಲಾಗುತ್ತದೆ.

ನಾನು ಇದನ್ನು ಕಲಿತದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಸೆಕೆ ಅಂತ ಫ್ಯಾನ್ ಹಾಕಿಕೊಂಡೇ ಪುಡಿ ತೂಗಿದೆ. ಚಮಚದ ತುದಿಯಿಂದ ಒಂದಿಷ್ಟು ಹಾರಿತು, ನನಗೆ ಗೊತ್ತೇ ಆಗಲಿಲ್ಲ. ನೆಲ, ಮೇಜು ಎಲ್ಲಾ ಚೊಕ್ಕವಾಗೇ ಕಾಣುತ್ತಿತ್ತು. ಸಂಜೆ ನೆಲ ಒರೆಸಲು ಬಂದ ಅಕ್ಕ ಒದ್ದೆ ಬಟ್ಟೆ ಎಳೆದರು ನೋಡಿ, ಬಾಗಿಲಿನವರೆಗೆ ನೇರಳೆ ಪಟ್ಟೆ. "ಏನ್ ಮೇಡಂ ಇದು, ಒರೆಸಿದಷ್ಟೂ ಜಾಸ್ತಿ ಆಗ್ತಿದೆಯಲ್ಲಾ!" ಬಕೆಟ್ಟಿನ ನೀರು ಇಂಕಿನ ಹಾಗಾಯಿತು. ಮಾರನೇ ದಿನ ಮೂಗು ಸೀನಿದರೆ ಕರವಸ್ತ್ರದಲ್ಲಿ ತಿಳಿ ನೇರಳೆ. ನೆಲದ ಕಲೆಗಿಂತ ನನ್ನನ್ನು ಹೆದರಿಸಿದ್ದು ಅದು. ಅಷ್ಟು ಪುಡಿ ಉಸಿರಿನ ಜೊತೆ ಒಳಗೆ ಹೋಗಿತ್ತು ಅಂತ ತಾನೆ ಅರ್ಥ?

ಹೆದರಬೇಕಾದ್ದು ಏನು ಅಂತ ನೇರವಾಗಿ ಹೇಳಿಬಿಡುತ್ತೇನೆ. ಮೊದಲನೆಯದು ಕಣ್ಣು. ಪುಡಿಯಾಗಲಿ, ಗಟ್ಟಿ ದ್ರಾವಣವಾಗಲಿ ಕಣ್ಣಿಗೆ ಬಿದ್ದರೆ ಗಂಭೀರ ಹಾನಿ ಆಗಬಹುದು. ನುಂಗಿದರೆ ಹಾನಿಕರ. ಇಲಿಗಳಿಗೆ ಬಹಳ ಕಾಲ ಆಹಾರದಲ್ಲಿ ಬೆರೆಸಿ ಕೊಟ್ಟ ಪ್ರಯೋಗದಲ್ಲಿ ಲಿವರಿನಲ್ಲಿ ಗಡ್ಡೆಗಳು ಬಂದಿವೆ. ಹಾಗಾಗಿ ಕ್ಯಾನ್ಸರ್ ತರಬಹುದು ಎಂಬ ಸಂಶಯದ ಪಟ್ಟಿಯಲ್ಲಿದೆ. 2019ರಲ್ಲಿ ಕೆನಡಾದ ಆರೋಗ್ಯ ಇಲಾಖೆ ಜೆನ್ಶನ್ ವಯಲೆಟ್ ಇರುವ ಔಷಧಿಗಳನ್ನು ಬಳಸಬೇಡಿ ಅಂತ ಜನರಿಗೆ ಎಚ್ಚರಿಕೆ ಕೊಟ್ಟಿತು. ಇನ್ನು ಕೆರೆ ಹೊಳೆಯ ಜೀವಿಗಳಿಗಂತೂ ಇದು ಕಡು ವಿಷ.

ಗಾಬರಿಯಾಗಿ ಡಬ್ಬಿ ಬಿಸಾಡುವ ಅಗತ್ಯ ಇಲ್ಲ. ಅಪಾಯ ಜಾಸ್ತಿ ಇರುವುದು ಪುಡಿ ತೂಗುವ ಆ ಐದು ನಿಮಿಷದಲ್ಲಿ. ಆಗ ಫ್ಯಾನ್ ಆರಿಸಿ, ಕಿಟಕಿಯಿಂದ ಗಾಳಿ ನುಗ್ಗುತ್ತಿದ್ದರೆ ಅದನ್ನೂ ಮುಚ್ಚಿ. ಫ್ಯೂಮ್ ಹುಡ್ (ಒಳಗಿನ ಗಾಳಿಯನ್ನು ಹೊರಗೆ ಎಳೆಯುವ ಗಾಜಿನ ಗೂಡು) ಇದ್ದರೆ ಅದರೊಳಗೆ ತೂಗಿ. ನೈಟ್ರೈಲ್ ಗ್ಲೌಸು, ಕಣ್ಣಿಗೆ ಗಾಗಲ್ಸ್, ಮೂಗಿಗೆ ಎನ್95 ಮಾಸ್ಕು, ಉದ್ದ ತೋಳಿನ ಏಪ್ರನ್. ಕನ್ನಡಕ ಇದೆಯಲ್ಲ ಅಂತ ಸುಮ್ನೆ ಬಿಡಬೇಡಿ, ಅದರ ಪಕ್ಕದ ಸಂದಿ ತೆರೆದೇ ಇರುತ್ತದೆ. ಮೇಜಿನ ಮೇಲೆ ಸ್ಪಿರಿಟ್ಟಿನಲ್ಲಿ ಸ್ವಲ್ಪ ಒದ್ದೆ ಮಾಡಿದ ಟಿಶ್ಯೂ ಹಾಸಿ. ಬಿದ್ದ ಪುಡಿ ಅಲ್ಲೇ ಬಣ್ಣ ಬಿಟ್ಟು ತನ್ನನ್ನು ತಾನೇ ತೋರಿಸಿಕೊಡುತ್ತದೆ, ಹಾರುವುದೂ ಇಲ್ಲ. ಹತ್ತಿರದಲ್ಲಿ ದೀಪ ಉರಿಯುತ್ತಿರಬಾರದು, ಅಷ್ಟೇ.

ಸಾಧ್ಯವಾದರೆ ಪುಡಿಯನ್ನೇ ಕೊಳ್ಳಬೇಡಿ ಅನ್ನುವುದು ನನ್ನ ಸಲಹೆ. ತಿಂಗಳಿಗೆ ನಾಲ್ಕಾರು ಸ್ಲೈಡು ಮಾಡುವ ಶಾಲೆಗೆ ರೆಡಿಮೇಡ್ ಗ್ರಾಮ್ ಸ್ಟೇನ್ ಕಿಟ್ ಸಾಕು. ನಾಲ್ಕು ಬಾಟಲಿ, ತೂಗುವ ತಲೆನೋವಿಲ್ಲ.

ದ್ರಾವಣ ಮಾಡಿಕೊಳ್ಳುವುದು

ಕಾಲೇಜು, ಆಸ್ಪತ್ರೆ ಲ್ಯಾಬುಗಳಲ್ಲಿ ಹೆಚ್ಚಾಗಿ ನಡೆಯುವುದು ಹಕ್ಕರ್ ಅವರ ಸೂತ್ರ. 2 ಗ್ರಾಂ ಕ್ರಿಸ್ಟಲ್ ವಯಲೆಟನ್ನು 95 ಪರ್ಸೆಂಟಿನ 20 ಮಿ.ಲೀ. ಎಥನಾಲಿನಲ್ಲಿ ಕರಗಿಸಿ. ಇನ್ನೊಂದು ಬೀಕರಿನಲ್ಲಿ 0.8 ಗ್ರಾಂ ಅಮೋನಿಯಂ ಆಕ್ಸಲೇಟನ್ನು 80 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ. ಎರಡನ್ನೂ ಬೆರೆಸಿ, ಮುಚ್ಚಿ, ಒಂದು ದಿನ ಹಾಗೇ ಬಿಡಿ. ಮಾರನೇ ದಿನ ಫಿಲ್ಟರ್ ಪೇಪರಿನಲ್ಲಿ ಸೋಸಿ ಕಂದು ಬಾಟಲಿಗೆ ತುಂಬಿ. ಪುಡಿಯನ್ನು ನೇರ ನೀರಿಗೆ ಸುರಿದರೆ ಗಂಟು ಗಂಟಾಗುತ್ತದೆ, ಉಂಡೆ ಕಟ್ಟಿದ ರಾಗಿ ಹಿಟ್ಟಿನ ಹಾಗೆ. ಅದಕ್ಕೇ ಮೊದಲು ಆಲ್ಕೋಹಾಲು. ಆಕ್ಸಲೇಟ್ ಇರುವುದು ಬಣ್ಣ ಮತ್ತೆ ಹರಳಾಗಿ ತಳ ಸೇರದಿರಲಿ ಅಂತ. ಅದೂ ವಿಷವೇ. ಬಾಯಿಂದ ಪಿಪೆಟ್ ಎಳೆಯುವ ಹಳೇ ಚಟ ಯಾರಿಗಾದರೂ ಉಳಿದಿದ್ದರೆ ದಯವಿಟ್ಟು ಬಿಡಿ.

ಡಬ್ಬಿಯ ಲೇಬಲ್ಲನ್ನು ಒಮ್ಮೆ ಓದಿ. ಕಲರ್ ಇಂಡೆಕ್ಸ್ ಸಂಖ್ಯೆ, ಅಂದರೆ ಪ್ರತಿ ಬಣ್ಣಕ್ಕೂ ಇರುವ ಗುರುತಿನ ನಂಬರು, 42555 ಅಂತ ಇದ್ದರೆ ಅದು ಕ್ರಿಸ್ಟಲ್ ವಯಲೆಟ್. ಪಕ್ಕದಲ್ಲಿ ಡೈ ಕಂಟೆಂಟ್ ಎಷ್ಟು ಪರ್ಸೆಂಟ್ ಅಂತಲೂ ಇರುತ್ತದೆ. ಸೂತ್ರದ 2 ಗ್ರಾಂ ಅನ್ನುವುದು 90 ಪರ್ಸೆಂಟ್ ಬಣ್ಣ ಇರುವ ಪುಡಿಯ ಲೆಕ್ಕ. ನಿಮ್ಮ ಡಬ್ಬಿಯಲ್ಲಿ 80 ಅಂತ ಇದ್ದರೆ 2ನ್ನು 90ರಿಂದ ಗುಣಿಸಿ 80ರಿಂದ ಭಾಗಿಸಿ. 2.25 ಗ್ರಾಂ ಬಂತಲ್ವಾ? ಅಷ್ಟು ತೂಗಿ.

ಅಯೋಡಿನ್ ದ್ರಾವಣಕ್ಕೆ 1 ಗ್ರಾಂ ಅಯೋಡಿನ್, 2 ಗ್ರಾಂ ಪೊಟ್ಯಾಸಿಯಂ ಅಯೊಡೈಡ್, 300 ಮಿ.ಲೀ. ಡಿಸ್ಟಿಲ್ಡ್ ನೀರು. ಇಲ್ಲಿ ಅವಸರ ಮಾಡಿದರೆ ಕೆಟ್ಟಿರಿ. ಬರೀ ನೀರಿನಲ್ಲಿ ಅಯೋಡಿನ್ ಕರಗುವುದಿಲ್ಲ, ತಳದಲ್ಲಿ ಕಪ್ಪಗೆ ಕೂತೇ ಇರುತ್ತದೆ. ಮೊದಲು ಅಯೊಡೈಡನ್ನು ನಾಲ್ಕೈದು ಮಿ.ಲೀ. ನೀರಿನಲ್ಲಿ ಕರಗಿಸಿ, ಅದಕ್ಕೆ ಅಯೋಡಿನ್ ಹಾಕಿ ಕಲಕಿ. ಪೂರ್ತಿ ಕರಗಿದ ಮೇಲೆ ಉಳಿದ ನೀರು. ಹಾಲು ಹಾಕದ ಟೀ ಬಣ್ಣ ಬರಬೇಕು. ಬಾಟಲಿ ಬೆಳಕಿಗೆ ಇಟ್ಟು, ಮುಚ್ಚಳ ಸಡಿಲ ಬಿಟ್ಟರೆ ದಿನ ಹೋದ ಹಾಗೆ ತಿಳಿ ಹಳದಿಗೆ ತಿರುಗುತ್ತದೆ. ಹಾಗಾದದ್ದನ್ನು ಚೆಲ್ಲಿ ಹೊಸದು ಮಾಡಿ. "ಇವತ್ತು ಎಲ್ಲಾ ಗ್ರಾಮ್ ನೆಗೆಟಿವ್ ಬರ್ತಿದೆ" ಅಂತ ಫೋನ್ ಬಂದರೆ ನಾನು ಮೊದಲು ಕೇಳುವುದು ಅಯೋಡಿನ್ ಯಾವ ಬಣ್ಣದಲ್ಲಿದೆ ಅಂತಲೇ.

ಸಾಫ್ರನಿನ್ ಸುಲಭ. 2.5 ಗ್ರಾಂ ಪುಡಿಯನ್ನು 95 ಪರ್ಸೆಂಟಿನ 100 ಮಿ.ಲೀ. ಎಥನಾಲಿನಲ್ಲಿ ಕರಗಿಸಿಟ್ಟುಕೊಳ್ಳಿ. ಬೇಕಾದಾಗ ಅದರಲ್ಲಿ 10 ಮಿ.ಲೀ.ಗೆ 90 ಮಿ.ಲೀ. ನೀರು ಬೆರೆಸಿ. ಬಣ್ಣ ಕಳೆಯಲು, ಕಲಿಯುವವರಿಗೆ 95 ಪರ್ಸೆಂಟಿನ ಎಥನಾಲ್ ಒಳ್ಳೆಯದು. ಅಸಿಟೋನ್ ಬೆರೆಸಿದ್ದು ಎರಡು ಮೂರು ಸೆಕೆಂಡಿನಲ್ಲೇ ಕೆಲಸ ಮುಗಿಸುತ್ತದೆ, ಕೈ ಪಳಗಿದವರಿಗೆ ಮಾತ್ರ. ಎರಡಕ್ಕೂ ಬೆಂಕಿ ಕಂಡರೆ ಆಗದು. ನಮ್ಮೂರಿನ ಸಾಮಾನ್ಯ ಶಾಖಕ್ಕೇ ಇವುಗಳ ಆವಿ ಹೊತ್ತಿಕೊಳ್ಳುವಷ್ಟು ಏಳುತ್ತದೆ.

ಎಲ್ಲಾ ಬಾಟಲಿಗೂ ಹೆಸರು, ಪ್ರಮಾಣ, ಮಾಡಿದ ತಾರೀಕು ಬರೆಯಿರಿ. ಪೆನ್ನಿನಲ್ಲಿ ಬರೆದರೆ ಸ್ಪಿರಿಟ್ ತಾಗಿ ಅಳಿಸುತ್ತದೆ. ಪೆನ್ಸಿಲಿನಲ್ಲಿ ಬರೆದು ಮೇಲೆ ಸೆಲ್ಲೊಟೇಪ್ ಹಚ್ಚಿ.

ಸ್ಮಿಯರ್: ತೆಳ್ಳಗಿದ್ದಷ್ಟು ಒಳ್ಳೆಯದು

ಆಸ್ಪತ್ರೆ ಲ್ಯಾಬಿನಲ್ಲಿ ಕೀವು, ಕಫ, ಬೆಳೆಸಿದ ಬ್ಯಾಕ್ಟೀರಿಯಾ ಬರುತ್ತವೆ. ಅವನ್ನು ಮುಟ್ಟಲು ತರಬೇತಿ ಬೇಕು. ಶಾಲೆಯಲ್ಲಿ ಮಾಡುವವರು ಮೊಸರು ತೆಗೆದುಕೊಳ್ಳಿ. ಮನೆಯಲ್ಲಿ ಹೆಪ್ಪು ಹಾಕಿದ ಹೊಸ ಮೊಸರು. ಅದರಲ್ಲಿರುವ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಎಲ್ಲವೂ ಗ್ರಾಮ್ ಪಾಸಿಟಿವ್. ಉದ್ದನೆ ಕಡ್ಡಿಯಂಥವು ಲ್ಯಾಕ್ಟೋಬ್ಯಾಸಿಲಸ್. ಮಣಿಸರದ ಹಾಗಿರುವ ದುಂಡನೆಯವೂ ಇರುತ್ತವೆ.

ಮೊಸರನ್ನು ಹಾಗೇ ಬಳಿದರೆ ಹಾಲಿನ ಪ್ರೋಟೀನು, ಕೊಬ್ಬು ಎಲ್ಲಾ ಬಣ್ಣ ಕುಡಿದು ಸ್ಲೈಡು ಕೆಸರಾಗುತ್ತದೆ. ಒಂದು ಹನಿ ಮೊಸರಿಗೆ ಒಂದು ಚಮಚ ನೀರು ಬೆರೆಸಿ, ಅದರಲ್ಲಿ ಒಂದು ಲೂಪ್ (ತುದಿಯಲ್ಲಿ ಸಣ್ಣ ಉಂಗುರ ಇರುವ ತಂತಿ) ತುಂಬ ಸಾಕು. ಸ್ಲೈಡಿನ ನಡುವೆ ಹಳೇ ನಾಲ್ಕಾಣೆ ನಾಣ್ಯದಷ್ಟು ಅಗಲಕ್ಕೆ ಹರಡಿ. ಹೀಗೆ ಬಳಿದ ತೆಳು ಪದರವೇ ಸ್ಮಿಯರ್. ನಾಲ್ಕಾಣೆ ನೋಡಿಲ್ಲದ ಹುಡುಗರು ಹೆಬ್ಬೆರಳ ಉಗುರಿನಷ್ಟು ಅಂದುಕೊಳ್ಳಿ. ಒಣಗಿದ ಮೇಲೆ ಸ್ಲೈಡನ್ನು ದಿನಪತ್ರಿಕೆಯ ಮೇಲಿಡಿ. ಸ್ಮಿಯರ್ ಮೂಲಕ ಅಕ್ಷರ ಓದಲು ಬಂದರೆ ಸರಿ. ಓದಲು ಬರದಿದ್ದರೆ ದಪ್ಪವಾಯಿತು, ಇನ್ನೊಂದು ಮಾಡಿ. ದಪ್ಪ ಸ್ಮಿಯರನ್ನು ಆಮೇಲೆ ಯಾವ ಜಾಣತನವೂ ಉಳಿಸುವುದಿಲ್ಲ.

ಗಾಳಿಗೆ ಪೂರ್ತಿ ಒಣಗಲಿ. ಒದ್ದೆ ಇರುವಾಗಲೇ ಬೆಂಕಿಗೆ ಹಿಡಿದರೆ ಬ್ಯಾಕ್ಟೀರಿಯಾ ಬೆಂದು ಆಕಾರ ಕೆಡುತ್ತದೆ. ಒಣಗಿದ ಮೇಲೆ ಸ್ಮಿಯರ್ ಇರುವ ಮುಖ ಮೇಲೆ ಮಾಡಿ ಸ್ಪಿರಿಟ್ ದೀಪದ ಜ್ವಾಲೆಯಲ್ಲಿ ಎರಡು ಮೂರು ಸಲ ಬೇಗ ಬೇಗ ಹಾಯಿಸಿ. ಸ್ಲೈಡಿನ ತಳ ಕೈ ಹಿಂಭಾಗಕ್ಕೆ ತಾಗಿಸಿದರೆ ಬೆಚ್ಚಗಿರಬೇಕು, ಚುರ್ ಅನ್ನಬಾರದು. ಬೆಂಕಿಯೇ ಬೇಡ ಅಂದರೆ ಮೆಥನಾಲ್ ಹನಿಸಿ ಎರಡು ನಿಮಿಷ ಬಿಟ್ಟು ಒಣಗಿಸಿ. ಆಕಾರ ಇನ್ನೂ ಚೆನ್ನಾಗಿ ಉಳಿಯುತ್ತದೆ. ಮೆಥನಾಲ್ ವಿಷ, ಅದಕ್ಕೂ ಬೆಂಕಿಗೂ ದೂರ ಇರಲಿ. ಇನ್ನೊಂದು ಮಾತು. ಬಿಸಿ ತೋರಿಸಿದ ಮಾತ್ರಕ್ಕೆ ಎಲ್ಲಾ ರೋಗಾಣು ಸತ್ತಿರುತ್ತವೆ ಅಂತ ನಂಬಬೇಡಿ. ರೋಗಿಯ ಸ್ಯಾಂಪಲ್ಲಾದರೆ ಗ್ಲೌಸು ಕೊನೆಯವರೆಗೂ ಇರಲಿ.

ಬಣ್ಣ ಹಾಕುವುದು, ಬಣ್ಣ ಕಳೆಯುವುದು

ದೀಪ ಆರಿಸಿ. ಟ್ರೇ ಮೇಲೆ ಎರಡು ಗಾಜಿನ ಕಡ್ಡಿ, ಅದರ ಮೇಲೆ ಸ್ಲೈಡು. ಸ್ಮಿಯರ್ ಮುಳುಗುವಷ್ಟು ಕ್ರಿಸ್ಟಲ್ ವಯಲೆಟ್ ಹನಿಸಿ ಒಂದು ನಿಮಿಷ ಬಿಡಿ. ಸ್ಲೈಡು ಓರೆ ಮಾಡಿ ಬಣ್ಣ ಚೆಲ್ಲಿ, ವಾಷ್ ಬಾಟಲಿಯಿಂದ ಮೆಲ್ಲಗೆ ನೀರು ಹಾಯಿಸಿ. ನೀರು ಸ್ಲೈಡಿನ ಮೇಲ್ತುದಿಗೆ ಬಿದ್ದು ಇಳಿದು ಬರಲಿ, ಸ್ಮಿಯರಿಗೇ ರಪ್ಪನೆ ಬೀಳಬಾರದು. ಈಗ ಅಯೋಡಿನ್, ಮತ್ತೆ ಒಂದು ನಿಮಿಷ. ಮತ್ತೆ ನೀರು. ಇಷ್ಟರವರೆಗೆ ಹತ್ತು ಸೆಕೆಂಡು ಹೆಚ್ಚುಕಡಿಮೆ ಆದರೂ ಏನೂ ಮುಳುಗುವುದಿಲ್ಲ.

ಮುಂದಿನದು ಮಾತ್ರ ಹಾಗಲ್ಲ. ಫೋನ್ ಪಕ್ಕಕ್ಕಿಡಿ, ಯಾರಾದರೂ ಕರೆದರೂ ತಿರುಗಬೇಡಿ.

ಸ್ಲೈಡನ್ನು ಒಂದು ತುದಿಯಲ್ಲಿ ಇಕ್ಕಳದಿಂದ ಹಿಡಿದು ಓರೆ ಮಾಡಿ. ಹಿಂದೆ ಬಿಳಿ ಟೈಲ್ಸು ಅಥವಾ ಬಿಳಿ ಹಾಳೆ ಇರಲಿ. ಸ್ಮಿಯರಿನ ಮೇಲ್ಗಡೆ ಎಥನಾಲ್ ಹನಿ ಹನಿಯಾಗಿ ಬಿಡಿ. ಮೊದಲ ಹನಿಗೆ ಕಡು ನೇರಳೆ ದಾರದಂಥ ಎಳೆಗಳು ಇಳಿಯುತ್ತವೆ. ನಾಲ್ಕನೆಯದೋ ಐದನೆಯದೋ ಹನಿಗೆ ಎಳೆ ಸಣ್ಣಗಾಗುತ್ತದೆ, ನೇರಳೆ ಹೋಗಿ ತಿಳಿ ನೀಲಿ ನೆರಳಿನ ಹಾಗೆ. ಆಮೇಲೆ ಸ್ಲೈಡಿನ ಅಂಚಿನಿಂದ ತೊಟ್ಟಿಕ್ಕುವ ಹನಿಯನ್ನೇ ನೋಡಿ. ಅದು ಬಣ್ಣ ಇಲ್ಲದೆ ಬೀಳಲು ಶುರುವಾದ ಕೂಡಲೇ ನೀರು ಹಾಯಿಸಿ. ಯೋಚನೆ ಮಾಡುತ್ತಾ ನಿಲ್ಲಬೇಡಿ, ಆಗಲೇ ತಡವಾಗಿರುತ್ತದೆ. ಸಾಮಾನ್ಯವಾಗಿ 10ರಿಂದ 15 ಸೆಕೆಂಡು. ಸ್ಮಿಯರ್ ದಪ್ಪ ಇದ್ದರೆ ಸ್ವಲ್ಪ ಜಾಸ್ತಿ. ಗಡಿಯಾರ ನೋಡಿ ಮಾಡುವವರಿಗಿಂತ ಹನಿ ನೋಡಿ ಮಾಡುವವರ ಸ್ಲೈಡೇ ಚೆನ್ನಾಗಿ ಬರುವುದನ್ನು ನೋಡಿದ್ದೇನೆ. ದೋಸೆ ತಿರುವುವುದನ್ನು ಯಾರೂ ಗಡಿಯಾರ ನೋಡಿ ಮಾಡುವುದಿಲ್ಲ ಅಲ್ವಾ?

ನೀರು ಹಾಯಿಸಿದ ಮೇಲೆ ಸಾಫ್ರನಿನ್ ಹಾಕಿ 30ರಿಂದ 60 ಸೆಕೆಂಡು. ತೊಳೆದು, ನಿಲ್ಲಿಸಿ ಒಣಗಿಸಿ. ಅವಸರ ಇದ್ದರೆ ಬ್ಲಾಟಿಂಗ್ ಪೇಪರಿನಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ.

ನೋಡುವಾಗ

ಮೊದಲು 10ರ ಲೆನ್ಸಿನಲ್ಲಿ ಸ್ಮಿಯರ್ ಹುಡುಕಿ. ಆಮೇಲೆ ಒಂದು ಹನಿ ಇಮ್ಮರ್ಶನ್ ಆಯಿಲ್ ಹಾಕಿ 100ರ ಲೆನ್ಸು ತಿರುಗಿಸಿ. ಕಂಡೆನ್ಸರ್ (ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಲೆನ್ಸು) ಮೇಲಕ್ಕೆ ಏರಿಸಿ, ಬೆಳಕು ಪೂರ್ತಿ ಇಡಿ. ಬಹಳ ಜನ ಬೆಳಕು ಕಡಿಮೆ ಇಟ್ಟುಕೊಂಡು ಗುಲಾಬಿಯನ್ನೂ ನೇರಳೆ ಅಂತ ಓದುತ್ತಾರೆ. ದಪ್ಪ ಜಾಗ ಬಿಡಿ, ಅಂಚಿನಲ್ಲಿ ಒಂದೊಂದೇ ಬಿಡಿಬಿಡಿಯಾಗಿ ಇರುವ ಕಡೆ ನೋಡಿ.

ಪ್ರತಿ ಬ್ಯಾಚಿನ ಜೊತೆ ಗೊತ್ತಿರುವ ಎರಡು ಬ್ಯಾಕ್ಟೀರಿಯಾದ ಸ್ಲೈಡು ಇರಲೇಬೇಕು. ಸ್ಟ್ಯಾಫಿಲೊಕಾಕಸ್ ಆರಿಯಸ್ ದ್ರಾಕ್ಷಿ ಗೊಂಚಲಿನ ಹಾಗೆ ನೇರಳೆಯಾಗಿ ಕಾಣಬೇಕು, ಇ. ಕೋಲೈ ಗುಲಾಬಿ ಕಡ್ಡಿಗಳಾಗಿ. ಎರಡರಲ್ಲಿ ಒಂದು ತಪ್ಪಿದರೂ ಆವತ್ತಿನ ರಿಪೋರ್ಟು ಕೊಡಬೇಡಿ. ಕೀವಿನ ಸ್ಲೈಡಿನಲ್ಲಂತೂ ಸಾಕ್ಷಿ ಅಲ್ಲೇ ಇರುತ್ತದೆ. ಕೀವು ಕಣಗಳ ನ್ಯೂಕ್ಲಿಯಸ್ ಗುಲಾಬಿ ಇರಬೇಕು. ಅದೇ ನೇರಳೆ ಕಂಡರೆ ಬಣ್ಣ ಸರಿಯಾಗಿ ಕಳೆದಿಲ್ಲ ಅಂತ.

ತಪ್ಪು ಎಲ್ಲಿ ಆಗುತ್ತದೆ? ನಾನು ಕಂಡಂತೆ ಹೆಚ್ಚಿನವು ಆ ಹದಿನೈದು ಸೆಕೆಂಡಿನಲ್ಲಿ. ಆದರೆ ಕೈ ಸರಿಯಿದ್ದೂ ಮೋಸ ಹೋಗುವ ಜಾಗಗಳಿವೆ. ಹಳೇ ಕಲ್ಚರ್, ಅಂದರೆ ಲ್ಯಾಬಿನಲ್ಲಿ ಬೆಳೆಸಿಟ್ಟ ಬ್ಯಾಕ್ಟೀರಿಯಾ, ಅದರಲ್ಲೊಂದು. 24 ಗಂಟೆ ದಾಟಿದ ಬ್ಯಾಸಿಲಸ್‌ನಲ್ಲಿ ಅರ್ಧ ನೇರಳೆ, ಅರ್ಧ ಗುಲಾಬಿ ಕಾಣಬಹುದು. ಮುದಿಯಾದ, ಸತ್ತ ಬ್ಯಾಕ್ಟೀರಿಯಾದ ಗೋಡೆ ಶಿಥಿಲವಾಗಿ ಬಣ್ಣ ಹಿಡಿದಿಡುವುದಿಲ್ಲ. ಮೂರು ದಿನದ ಹುಳಿ ಮೊಸರಿನಲ್ಲೂ ಇದೇ ಕಥೆ. ಹೊಸ ಮೊಸರು, ಹುಳಿ ಮೊಸರು ಎರಡನ್ನೂ ಒಂದೇ ಸ್ಲೈಡಿನಲ್ಲಿ ಪಕ್ಕಪಕ್ಕ ಹಾಕಿ ಮಕ್ಕಳಿಗೆ ತೋರಿಸಿ, ಚೆನ್ನಾಗಿರುತ್ತದೆ. ಇಡ್ಲಿ ಹಿಟ್ಟಿನಲ್ಲೂ ಲ್ಯೂಕೊನೊಸ್ಟಾಕ್ ಅನ್ನುವ ಗ್ರಾಮ್ ಪಾಸಿಟಿವ್ ದುಂಡಾಣು ಸಿಗುತ್ತದೆ. ಆದರೆ ಅಲ್ಲಿ ಅಕ್ಕಿಯ ಪಿಷ್ಟ ಇದೆಯಲ್ಲ, ಅಯೋಡಿನ್ ತಾಗಿ ಕಪ್ಪು ನೀಲಿ ಕಣಗಳಾಗಿ ಕಾಣಬಹುದು. ಅದನ್ನೇ ಬ್ಯಾಕ್ಟೀರಿಯಾ ಅಂತ ಎಣಿಸುತ್ತಾ ಕೂತವರಿದ್ದಾರೆ.

ಸ್ಲೈಡಿನ ತುಂಬ ಕಪ್ಪು ನೇರಳೆ ಸೂಜಿಗಳು, ನಕ್ಷತ್ರದಂಥ ಚುಕ್ಕೆಗಳು ಕಂಡರೆ ಅದು ಬಣ್ಣದ ಹರಳು. ಬಾಟಲಿಯನ್ನು ಸೋಸಿ. ಸ್ಲೈಡಿನ ಮೇಲೆ ಬಣ್ಣ ಒಣಗಲು ಬಿಟ್ಟರೂ ಹೀಗಾಗುತ್ತದೆ.

ಕ್ಷಯದ ರೋಗಾಣು ಈ ವಿಧಾನಕ್ಕೆ ಸರಿಯಾಗಿ ಬಗ್ಗುವುದಿಲ್ಲ, ಅದರ ಮೇಣದ ಗೋಡೆಗೆ ಜೀಲ್-ನೀಲ್ಸನ್ ಸ್ಟೇನ್ ಬೇಕು. ಮೈಕೋಪ್ಲಾಸ್ಮಾಗೆ ಗೋಡೆಯೇ ಇಲ್ಲ, ಇಲ್ಲಿ ಕಾಣುವುದೂ ಇಲ್ಲ.

ಇದೇ ಬಾಟಲಿಯ ಬೇರೆ ಕೆಲಸಗಳು

ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾ) ಮಾಡಿದವರಿಗೆ ಟರ್ಕ್ ದ್ರಾವಣ ಗೊತ್ತು. ಬಿಳಿ ರಕ್ತಕಣ ಎಣಿಸಲು ಬಳಸುವುದು. 100 ಮಿ.ಲೀ. ನೀರಿಗೆ ಸುಮಾರು 2 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಸಿಡ್, 1 ಮಿ.ಲೀ. ಒಂದು ಪರ್ಸೆಂಟಿನ ಜೆನ್ಶನ್ ವಯಲೆಟ್. ಆಸಿಡ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಬಣ್ಣ ಬಿಳಿ ಕಣದ ನ್ಯೂಕ್ಲಿಯಸ್ಸಿಗೆ ತಿಳಿಯಾಗಿ ಹತ್ತುತ್ತದೆ. ರಕ್ತವನ್ನು 20 ಪಟ್ಟು ತೆಳು ಮಾಡಿ ನ್ಯೂಬಾರ್ ಚೇಂಬರಿಗೆ (ಎಣಿಸಲು ಚೌಕ ಗೆರೆ ಕೊರೆದ ಗಾಜು) ಬಿಟ್ಟು ಎಣಿಸುತ್ತೇವೆ. ಯಂತ್ರಗಳು ಬಂದರೂ ಸಣ್ಣ ಊರಿನ ಲ್ಯಾಬುಗಳಲ್ಲಿ ಇದನ್ನು ಮರೆತಿಲ್ಲ.

ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಮ್ಯಾಕ್‌ಕಾಂಕಿ ಅಗಾರ್‌ನಲ್ಲೂ ಇದಿದೆ, ಒಂದು ಲೀಟರಿಗೆ ಬರೀ 1 ಮಿಲಿಗ್ರಾಂ. ಅಷ್ಟಕ್ಕೇ ಪಿತ್ತದ ಲವಣದ ಜೊತೆ ಸೇರಿ ಗ್ರಾಮ್ ಪಾಸಿಟಿವ್‌ಗಳನ್ನು ಬೆಳೆಯದಂತೆ ತಡೆಯುತ್ತದೆ. ಬಾಯಿಹುಣ್ಣಿಗೆ ಹಚ್ಚುತ್ತಿದ್ದದ್ದರ ಹಿಂದೆಯೂ ಇದೇ ಗುಣ, ಸೂಕ್ಷ್ಮಜೀವಿಗಳನ್ನು ಕೊಲ್ಲುವ ಗುಣ.

ಸಂಶೋಧನೆ ಮಾಡುವವರು ಬಯೋಫಿಲ್ಮ್, ಅಂದರೆ ಬ್ಯಾಕ್ಟೀರಿಯಾ ಗುಂಪಾಗಿ ಅಂಟಿ ಕಟ್ಟುವ ಪೊರೆ, ಅಳೆಯಲು ಬಳಸುತ್ತಾರೆ. 96 ಗುಂಡಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ತೇಲುವವನ್ನು ತೊಳೆದು, ಗೋಡೆಗೆ ಅಂಟಿದವಕ್ಕೆ 0.1 ಪರ್ಸೆಂಟಿನ ಬಣ್ಣ ಹಾಕುತ್ತಾರೆ. ಮತ್ತೆ ತೊಳೆದು, 30 ಪರ್ಸೆಂಟಿನ ಅಸಿಟಿಕ್ ಆಸಿಡ್‌ನಲ್ಲಿ ಕರಗಿಸಿ 550 ನ್ಯಾನೊಮೀಟರಿನಲ್ಲಿ ಓದಿದರೆ ಎಷ್ಟು ಅಂಟಿತ್ತು ಅಂತ ಗೊತ್ತಾಗುತ್ತದೆ. ಪೊಲೀಸ್ ವಿಧಿವಿಜ್ಞಾನ ಲ್ಯಾಬುಗಳಲ್ಲಿ ಟೇಪಿನ ಅಂಟು ಬದಿಯ ಮೇಲಿನ ಬೆರಳಚ್ಚು ತೆಗೆಯಲೂ ಇದು ಬರುತ್ತದೆ. ಅಂಟಿನ ಬದಿಯಲ್ಲಿ ಪೌಡರ್ ಉದುರಿಸಿದರೆ ಎಲ್ಲಾ ಕಡೆ ಅಂಟಿಕೊಳ್ಳುತ್ತದಲ್ಲ, ಅದಕ್ಕೆ.

ಚೆಲ್ಲಿದರೆ, ಕಣ್ಣಿಗೆ ಬಿದ್ದರೆ, ಉಳಿದರೆ

ಕಣ್ಣಿಗೆ ಬಿದ್ದರೆ ಮಾತಿಲ್ಲ. ನಲ್ಲಿಯ ಕೆಳಗೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ. ಉರಿ ಇಲ್ಲ ಅಂತ ಸುಮ್ಮನಾಗದೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಬಾಟಲಿಯ ಲೇಬಲ್ಲಿನ ಫೋಟೊ ಹೊಡೆದುಕೊಂಡು ಹೋಗಿ, ಅವರಿಗೆ ಅನುಕೂಲ.

ಪುಡಿ ಚೆಲ್ಲಿದರೆ ಗುಡಿಸಬೇಡಿ, ಬಕೆಟ್ ನೀರನ್ನಂತೂ ತರಲೇಬೇಡಿ. ಫ್ಯಾನ್ ಆರಿಸಿ, ಬೆಂಕಿ ಆರಿಸಿ. ಸ್ಪಿರಿಟ್ಟಿನಲ್ಲಿ ಒದ್ದೆಯಾದ ಟಿಶ್ಯೂವನ್ನು ಮೇಲಿಂದ ಒತ್ತಿ ಎತ್ತಿ. ಹೊರಗಿನಿಂದ ಒಳಕ್ಕೆ ಬನ್ನಿ. ಟಿಶ್ಯೂ ಬಿಳಿಯಾಗಿ ಬರುವವರೆಗೆ ಮಾಡಿ, ಎಲ್ಲವನ್ನೂ ಒಂದು ಕವರಿಗೆ ಹಾಕಿ ಕಟ್ಟಿ.

ಟ್ರೇಯಲ್ಲಿ ಕೂಡಿದ ಬಣ್ಣದ ನೀರನ್ನು ಸಿಂಕಿಗೆ ಸುರಿಯುವುದು ನಮ್ಮ ಕಡೆ ಹಳೇ ರೂಢಿ. ಹನಿಯಷ್ಟು ಬಣ್ಣ ಕೊಡಪಾನ ನೀರನ್ನು ನೇರಳೆ ಮಾಡುವಾಗ, ಆ ಮೋರಿ ಕೊನೆಗೆ ಯಾವ ಕೆರೆಗೆ ಸೇರುತ್ತದೆ ಅಂತ ಒಮ್ಮೆ ಯೋಚಿಸಿ. ಟ್ರೇ ಕೆಳಗೆ ಅಗಲ ಬಾಯಿಯ ಪ್ಲಾಸ್ಟಿಕ್ ಕ್ಯಾನು ಇಡಿ, ಅದಕ್ಕೇ ಬೀಳಲಿ. ಆಸ್ಪತ್ರೆ ಲ್ಯಾಬಾದರೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಾಸಾಯನಿಕ ದ್ರವ ತ್ಯಾಜ್ಯವನ್ನು ಬೇರೆಯಾಗಿ ಹಿಡಿದು ಸಂಸ್ಕರಿಸಿಯೇ ಬಿಡಬೇಕು. ಬಳಸಿದ ಗಾಜಿನ ಸ್ಲೈಡುಗಳು ನೀಲಿ ಗುರುತಿನ, ಚುಚ್ಚಿದರೆ ತೂತಾಗದ ಡಬ್ಬಿಗೆ. ಶಾಲೆ, ಕಾಲೇಜಿನವರು ಕ್ಯಾನಿನಲ್ಲಿ ಕೂಡಿಟ್ಟು ರಾಸಾಯನಿಕ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಸಕ್ರಿಯ ಇದ್ದಿಲು ಹಾಕಿ ಕಲಕಿಟ್ಟರೆ ಬಣ್ಣ ಬಹುಪಾಲು ಇದ್ದಿಲಿಗೆ ಅಂಟುತ್ತದೆ. ಆಮೇಲೆ ಆ ಇದ್ದಿಲೂ ತ್ಯಾಜ್ಯವೇ, ಗಿಡದ ಬುಡಕ್ಕೆ ಹಾಕಬೇಡಿ.

ಬಣ್ಣ ಹೋಗಲಿ ಅಂತ ಆ ಕ್ಯಾನಿಗೆ ಬ್ಲೀಚ್ ಸುರಿಯುವವರಿದ್ದಾರೆ. ಬಣ್ಣ ಹೋಗುತ್ತದೆ, ನಿಜ. ಆದರೆ ಅದರಲ್ಲಿ ಆಲ್ಕೋಹಾಲು, ಅಸಿಟೋನ್ ಇರುತ್ತವೆ. ಬ್ಲೀಚ್ ಜೊತೆ ಸೇರಿದರೆ ಕ್ಲೋರೊಫಾರ್ಮಿನಂಥ ವಿಷ ಹುಟ್ಟುತ್ತದೆ. ಎರಡನ್ನೂ ಒಂದೇ ಪಾತ್ರೆಗೆ ಹಾಕಲೇಬಾರದು.

ಬೆರಳಿಗೆ ಅಂಟಿದರೆ ಸೋಪು ನೀರಿನಲ್ಲಿ ತೊಳೆಯಿರಿ. ಸ್ವಲ್ಪ ಸ್ಪಿರಿಟ್ ಹತ್ತಿ ಒಂದು ಸಲ ಒರೆಸಿದರೆ ತಿಳಿಯಾಗುತ್ತದೆ. ಪೂರ್ತಿ ಹೋಗಲೇಬೇಕು ಅಂತ ಬ್ಲೀಚು, ಕಲ್ಲು ಹಾಕಿ ಉಜ್ಜಿದರೆ ಚರ್ಮ ಸುಲಿದು ಬಣ್ಣ ಇನ್ನೂ ಒಳಗಿಳಿಯುತ್ತದೆ. ಮೇಲಿನ ಚರ್ಮ ಉದುರಿದ ಹಾಗೆ ನಾಲ್ಕಾರು ದಿನದಲ್ಲಿ ತಾನೇ ಹೋಗುತ್ತದೆ. ಅಷ್ಟು ದಿನ ಊಟಕ್ಕೆ ಚಮಚ.